ಆರು ಅಂಕಿಗಳ ಕಾರ್ಡು: ಬೀದರಿನ ಒಂದು ಕ್ರೀಡಾ ಸಾಮಗ್ರಿ ಅಂಗಡಿಯಿಂದ

2019ರ ನವೆಂಬರಿನ ಒಂದು ಸಂಜೆ ಪಿಯುಸಿ ಓದುವ ಹುಡುಗನೊಬ್ಬ ನನ್ನ ಅಂಗಡಿಗೆ ಬಂದ. "ಕಾಕಾ, ಪಿಯೆಮೊಂಟೆ ಕಾಲ್ಚೊ ಜೆರ್ಸಿ ಇದೆಯಾ? ಬೆನ್ನ ಮೇಲೆ ರೊನಾಲ್ಡೊ ಹೆಸರು, ಏಳು ನಂಬರು ಬೇಕು" ಎಂದು ಕೇಳಿದ. ಇಪ್ಪತ್ತೆರಡು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ಗಿರಾಕಿಗೆ ಸುಲಭವಾಗಿ ಇಲ್ಲ ಎನ್ನುವುದಿಲ್ಲ. "ಸೋಮವಾರ ಬಾ, ಹೈದರಾಬಾದಿನಿಂದ ತರಿಸಿ ಇಟ್ಟಿರುತ್ತೇನೆ" ಎಂದು ನೂರು ರೂಪಾಯಿ ಮುಂಗಡ ಇಸಿದುಕೊಂಡೆ. ಅವನು ಹೋದ ಮೇಲೆ ಸಗಟು ವ್ಯಾಪಾರಿಗೆ ಫೋನ್ ಮಾಡಿದರೆ ಆ ಕಡೆಯಿಂದ ನಗು ಕೇಳಿಸಿತು. ಅಂಥ ಹೆಸರಿನ ಕ್ಲಬ್ಬೇ ಭೂಮಿಯ ಮೇಲೆ ಇಲ್ಲವಂತೆ.

ಇದ್ದದ್ದು ಇಟಲಿಯ ಯುವೆಂಟಸ್ ಕ್ಲಬ್ಬು. ರೊನಾಲ್ಡೊ ಆಗ ಅಲ್ಲೇ ಆಡುತ್ತಿದ್ದ. ಆದರೆ ಆ ವರ್ಷ ಯುವೆಂಟಸ್ ತನ್ನ ಹೆಸರು, ಲಾಂಛನ, ಅಂಗಿಯ ಹಕ್ಕನ್ನೆಲ್ಲ ಜಪಾನಿನ ಕೊನಾಮಿ ಕಂಪನಿಯ ಫುಟ್‌ಬಾಲ್ ವಿಡಿಯೊ ಗೇಮಿಗೆ ಮಾತ್ರ ಕೊಟ್ಟಿತ್ತು. ಎದುರಾಳಿ ಕಂಪನಿ ಇಎ ಸ್ಪೋರ್ಟ್ಸ್ ತನ್ನ ಫಿಫಾ 20 ಆಟದಲ್ಲಿ ಆಟಗಾರರನ್ನೆಲ್ಲ ಅವರವರ ಹೆಸರಿನಲ್ಲೇ ಉಳಿಸಿಕೊಂಡು, ಕ್ಲಬ್ಬಿಗೆ ಮಾತ್ರ ಪಿಯೆಮೊಂಟೆ ಕಾಲ್ಚೊ ಎಂದು ಹೊಸ ನಾಮಕರಣ ಮಾಡಿ, ತಾನೇ ಬಿಡಿಸಿದ ಅಂಗಿ ತೊಡಿಸಿತ್ತು. ನಮ್ಮ ಹುಡುಗ ಟಿವಿಯಲ್ಲಿ ಇಟಲಿಯ ಲೀಗನ್ನು ಒಂದು ದಿನವೂ ನೋಡಿದವನಲ್ಲ. ಸೋದರಮಾವನ ಮನೆಯ ಪ್ಲೇಸ್ಟೇಷನ್ನಿನಲ್ಲಿ ಆಡಿ ಆಡಿ ಆ ತಂಡದ ಅಭಿಮಾನಿಯಾಗಿದ್ದ. ಇಲ್ಲದ ಕ್ಲಬ್ಬೊಂದಕ್ಕೆ ಬೀದರಿನಲ್ಲಿ ಗಿರಾಕಿ ಹುಟ್ಟಿದ್ದ, ಅವನ ನೂರು ರೂಪಾಯಿ ನನ್ನ ಗಲ್ಲಾಪೆಟ್ಟಿಗೆಯಲ್ಲಿತ್ತು. ಅಂದು ರಾತ್ರಿ ಶಟರ್ ಎಳೆಯುವಾಗಲೂ ನನ್ನ ತಲೆಯಲ್ಲಿ ಅದೇ ಸುತ್ತುತ್ತಿತ್ತು.

ನನ್ನ ಅಂಗಡಿ ನೆಹರೂ ಕ್ರೀಡಾಂಗಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಮೀರತ್ತಿನ ಬ್ಯಾಟು, ಜಲಂಧರಿನ ಚೆಂಡು, ಕೇರಂ ಬೋರ್ಡು, ಶಾಲೆಗಳಿಗೆ ಕಪ್ಪು ಮತ್ತು ಪದಕ, ಇಷ್ಟೇ ವ್ಯಾಪಾರ. ಫುಟ್‌ಬಾಲ್ ಎಂದರೆ ಜೂನ್ ಜುಲೈಯಲ್ಲಿ ಶಾಲೆಗಳಿಗೆ ಹೋಗುವ ಐದನೇ ಸೈಜಿನ ಚೆಂಡುಗಳು, ಜೊತೆಗೆ ಒಂದಿಷ್ಟು ಮೊಣಕಾಲು ಪಟ್ಟಿ. ಹಾಗೆಂದು ಈ ಊರಿಗೆ ಫುಟ್‌ಬಾಲ್ ಹೊಸದೇನಲ್ಲ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು, ಹೈದರಾಬಾದ್ ಆ ಕಾಲದಲ್ಲಿ ಫುಟ್‌ಬಾಲಿನ ತವರು. ಅಲ್ಲಿನ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಅದನ್ನು ತಿದ್ದಿ ತೀಡಿದ ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರೇ ಭಾರತ ತಂಡಕ್ಕೂ ತರಬೇತುದಾರರಾದರು. ನಮ್ಮ ಅಂಗಡಿಯ ಮುಂದಿನ ಬೆಂಚಿನಲ್ಲಿ ದಿನಾ ಸಂಜೆ ಕೂರುವ ಚಾಚಾ ಒಬ್ಬರಿದ್ದಾರೆ. ದೈಹಿಕ ಶಿಕ್ಷಣ ಶಿಕ್ಷಕರಾಗಿ ನಿವೃತ್ತರಾದವರು, ಜಿಲ್ಲೆಯ ಎಷ್ಟೋ ಪಂದ್ಯಗಳಿಗೆ ಸೀಟಿ ಊದಿದವರು. ಅವರ ಪ್ರಕಾರ ಬೀದರಿನ ದುರದೃಷ್ಟ ಒಂದು ತಿಂಗಳ ಅಂತರದ್ದು: "ನವೆಂಬರಿನಲ್ಲಿ ನಾವು ಮೈಸೂರಿಗೆ ಸೇರಿದೆವು, ಡಿಸೆಂಬರಿನಲ್ಲಿ ರಹೀಮ್ ಸಾಹೇಬರ ತಂಡ ಮೆಲ್ಬೋರ್ನ್ ಒಲಿಂಪಿಕ್ಸಿನ ಸೆಮಿಫೈನಲ್ ಆಡಿತು. ಒಂದು ತಿಂಗಳು ತಡೆದಿದ್ದರೆ ಏನಾಗುತ್ತಿತ್ತು?"

ಪಿಯೆಮೊಂಟೆ ಪ್ರಕರಣದ ಮೇಲೆ ನಾನು ಅಣ್ಣನ ಮಗನನ್ನು ಕೂರಿಸಿಕೊಂಡು ಪಾಠ ಹೇಳಿಸಿಕೊಂಡೆ. 1993ರ ಕೊನೆಯಲ್ಲಿ ಶುರುವಾದ ಫಿಫಾ ಆಟ ವರ್ಷಕ್ಕೊಂದು ಆವೃತ್ತಿಯಂತೆ ಬೆಳೆದದ್ದು, ಕೊನಾಮಿಯ ಹಳೆಯ ಆಟಗಳಲ್ಲಿ ಹಕ್ಕು ಸಿಗದ ಲಿವರ್‌ಪೂಲ್ ‘ಮರ್ಸಿಸೈಡ್ ರೆಡ್’ ಆಗಿ, ಚೆಲ್ಸಿ ‘ಲಂಡನ್ ಎಫ್‌ಸಿ’ ಆಗಿ ಆಡುತ್ತಿದ್ದದ್ದು, ಎಲ್ಲವನ್ನೂ ಹೇಳಿದ. ಹೆಸರಿನ ಹಕ್ಕು ಎಷ್ಟು ದೊಡ್ಡ ಸರಕು ಎಂಬುದು ನನಗೆ ಪೂರ್ತಿ ತಿಳಿದದ್ದು ಮಾತ್ರ ಆಮೇಲೆ. 2022ರಲ್ಲಿ ಇಎ ಮತ್ತು ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾ ಸಂಸ್ಥೆ ಬೇರೆಯಾದವು. 2023ರಿಂದ ಅದೇ ಆಟ ಇಎ ಸ್ಪೋರ್ಟ್ಸ್ ಎಫ್‌ಸಿ ಎಂಬ ಹೆಸರಿನಲ್ಲಿ ಬರುತ್ತಿದೆ. ನಮ್ಮ ಹುಡುಗರು ಇಂದಿಗೂ ಫಿಫಾ ಎಂದೇ ಕರೆಯುತ್ತಾರೆ. ನಾವು ವನಸ್ಪತಿಗೆಲ್ಲ ಡಾಲ್ಡಾ ಎನ್ನುತ್ತಿದ್ದ ಹಾಗೆ.

ಲಾಕ್‌ಡೌನ್ ಬಂತು. ಅಂಗಡಿ ಮುಚ್ಚಿತ್ತು. ಜಗತ್ತಿನ ಮೈದಾನಗಳೂ ಮುಚ್ಚಿದ್ದವು. 2020ರ ಏಪ್ರಿಲಿನಲ್ಲಿ ಅಣ್ಣನ ಮಗ ಮೊಬೈಲ್ ಹಿಡಿದು ಏನನ್ನೋ ನೋಡುತ್ತ ಕೂಗಾಡುತ್ತಿದ್ದ. ಇಣುಕಿದರೆ, ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರು ಕ್ಲಬ್ಬಿಗೊಬ್ಬರಂತೆ ಮನೆಯಲ್ಲೇ ಕೂರಿಸಿ ವಿಡಿಯೊ ಗೇಮ್ ಪಂದ್ಯಾವಳಿ ನಡೆಸಿದ್ದರು. ಬಹುಪಾಲು ತಂಡಗಳಿಗೆ ಆಡಿದವರು ನಿಜವಾದ ಫುಟ್‌ಬಾಲ್ ಆಟಗಾರರೇ. ವುಲ್ವ್ಸ್ ತಂಡದ ಡಿಯೊಗೊ ಜೋಟಾ ಫೈನಲಿನಲ್ಲಿ ಲಿವರ್‌ಪೂಲಿನ ಟ್ರೆಂಟ್ ಅಲೆಕ್ಸಾಂಡರ್ ಅರ್ನಾಲ್ಡ್‌ನನ್ನು ಸೋಲಿಸಿದ. ನನ್ನ ಕಣ್ಣಿಗೆ ಬಿದ್ದದ್ದು ಆಟವಲ್ಲ. ಕೋಟಿಗಟ್ಟಲೆ ಸಂಬಳದ ಆಟಗಾರನೊಬ್ಬ ನಮ್ಮ ಹುಡುಗರ ಹಾಗೆಯೇ ಕುರ್ಚಿಯ ಅಂಚಿಗೆ ಜಾರಿ ಕುಳಿತು, ಗೋಲು ತಪ್ಪಿದರೆ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ. ಮೈದಾನದಲ್ಲಿ ಆಟಗಾರನಿಗೂ ಅಭಿಮಾನಿಗೂ ನಡುವೆ ಬೇಲಿ ಇರುತ್ತದೆ. ಇಲ್ಲಿ ಇಬ್ಬರ ಕೈಯಲ್ಲೂ ಒಂದೇ ಕಂಟ್ರೋಲರ್.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೋಟಾ ಲಿವರ್‌ಪೂಲಿಗೇ ಹೋದ. ನಮ್ಮ ಓಣಿಯ ನಾಲ್ಕೈದು ಹುಡುಗರು ಅವನ ಹಿಂದೆಯೇ ಲಿವರ್‌ಪೂಲ್ ಅಭಿಮಾನಿಗಳಾದರು. ಬೆನ್ನ ಮೇಲೆ 20 ಅಂಟಿಸಿಕೊಡಿ ಎಂದು ಕೇಳುವವರು ಆಗಿನಿಂದ ಇದ್ದರು. 2025ರ ಜುಲೈ 3ರಂದು ಜೋಟಾ ಮತ್ತು ಅವನ ತಮ್ಮ ಸ್ಪೇನಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಜೋಟಾನಿಗೆ ಇಪ್ಪತ್ತೆಂಟು ವರ್ಷ. ಆ ಸಂಜೆ ಇಬ್ಬರು ಹುಡುಗರು ಅಂಗಡಿಗೆ ಬಂದು ಏನನ್ನೂ ಕೊಳ್ಳದೆ ಸ್ವಲ್ಪ ಹೊತ್ತು ನಿಂತು ಹೋದರು. ಒಬ್ಬನ ಮೈಮೇಲೆ ನಾನೇ ಇಸ್ತ್ರಿ ಯಂತ್ರದಲ್ಲಿ ಒತ್ತಿಕೊಟ್ಟ 20 ಇತ್ತು. ಅಂಚು ಸ್ವಲ್ಪ ಕಿತ್ತು ಬಂದಿತ್ತು. "ಬಾ, ಮತ್ತೊಮ್ಮೆ ಒತ್ತಿಕೊಡುತ್ತೇನೆ" ಎಂದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಪರದೆಯ ಮೇಲೆ ಹುಟ್ಟಿದ ಅಭಿಮಾನ ಪೊಳ್ಳು ಎಂದು ಯಾರಾದರೂ ಹೇಳಿದರೆ ನನಗೆ ಆ ಕಿತ್ತ ಅಂಚು ನೆನಪಾಗುತ್ತದೆ.

ಕಥೆ ಮುಂದಕ್ಕೆ ಓಡಿತು, ಹಿಂದಕ್ಕೆ ಬರುತ್ತೇನೆ. ಪರದೆಯ ಆಟದಿಂದ ಅಭಿಮಾನಿಗಳನ್ನು ಸೆಳೆಯುವ ದಾರಿಯನ್ನು ದೊಡ್ಡ ಕ್ಲಬ್ಬುಗಳು ಮೊದಲೇ ಕಂಡುಕೊಂಡಿದ್ದವು. ಲಂಡನ್ನಿನ ವೆಸ್ಟ್ ಹ್ಯಾಮ್ 2016ರಲ್ಲೇ ಒಬ್ಬ ಗೇಮರ್‌ನನ್ನು ಆಟಗಾರನಂತೆಯೇ ಕರಾರು ಮಾಡಿಕೊಂಡು ಸೇರಿಸಿಕೊಂಡಿತ್ತು. 2018ರಲ್ಲಿ ಅಡಿಡಾಸ್ ಕಂಪನಿ ರಿಯಲ್ ಮ್ಯಾಡ್ರಿಡ್, ಬಾಯರ್ನ್, ಮ್ಯಾಂಚೆಸ್ಟರ್ ಯುನೈಟೆಡ್, ಯುವೆಂಟಸ್ ತಂಡಗಳಿಗೆ ನಾಲ್ಕನೆಯ ಅಂಗಿಯನ್ನು ಆಟದ ಒಳಗಿಗೆಂದೇ ವಿನ್ಯಾಸ ಮಾಡಿತು. ಬಟ್ಟೆಗಿಂತ ಮೊದಲು ಪರದೆಯಲ್ಲಿ ಹೊಲಿದ ಅಂಗಿ! ನಾನು ಅಂಗಡಿಯವನು, ಇಂಥದ್ದನ್ನು ಓದಿದಾಗ ಮೆಚ್ಚಿಗೆಗಿಂತ ಹೊಟ್ಟೆಕಿಚ್ಚೇ ಹೆಚ್ಚು ಆಗುತ್ತದೆ.

2021ರ ದೀಪಾವಳಿಗೆ ನಾನೂ ಒಂದು ಸಾಹಸ ಮಾಡಿದೆ. ಅಂಗಡಿಯ ಹಿಂದಿನ ಗೋದಾಮಿನ ಕೋಣೆ ಖಾಲಿ ಮಾಡಿ, ಬಳಸಿದ ಪ್ಲೇಸ್ಟೇಷನ್ 4 ಒಂದನ್ನು ಹೈದರಾಬಾದಿನಿಂದ ತಂದು, 43 ಇಂಚಿನ ಟಿವಿ, ಇನ್ವರ್ಟರ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಗಂಟೆಗೆ ನಲವತ್ತು ರೂಪಾಯಿ. ನನ್ನ ಲೆಕ್ಕ ಹೀಗಿತ್ತು: ಹುಡುಗರು ಆಡಲು ಬರುತ್ತಾರೆ, ಹೋಗುವಾಗ ಜೆರ್ಸಿ ಕೊಳ್ಳುತ್ತಾರೆ. ಹುಡುಗರು ಬಂದರು. ಆಡಿದರು. ಜೆರ್ಸಿಗಳ ಸಾಲಿನ ಮುಂದೆಯೇ ಹಾದು ಹೋದರು. ಮೂರು ತಿಂಗಳಲ್ಲಿ ಎರಡು ಕಂಟ್ರೋಲರುಗಳಲ್ಲಿ ಆಟಗಾರನನ್ನು ನಡೆಸುವ ಎಡಬದಿಯ ಕಡ್ಡಿ ಸವೆದು, ಕೈ ಬಿಟ್ಟರೂ ಆಟಗಾರ ತಾನಾಗಿಯೇ ಎಡಕ್ಕೆ ನಡೆಯತೊಡಗಿದ. ರಿಪೇರಿಗೆ ಕೊಟ್ಟದ್ದು, ಕರೆಂಟು ಬಿಲ್ಲು, ಕೂಡಿಸಿ ಕಳೆದರೆ ಕೈಯಲ್ಲಿ ಉಳಿದದ್ದು ಚಹದ ಖರ್ಚು.

ಕಿರಿಕಿರಿ ಬೇರೆ. ಒಂದು ದಿನ ಕುರ್ಚಿಯ ಕೆಳಗೆ ಐನೂರರ ನೋಟು ಕೈ ಬದಲಾಯಿಸುವುದು ಕಂಡಿತು. ಪಂದ್ಯದ ಮೇಲೆ ಬಾಜಿ ಕಟ್ಟುತ್ತಿದ್ದರು. ಇನ್ನೊಂದು ದಿನ ಗಾಂಧಿಗಂಜಿನ ಹಮಾಲರೊಬ್ಬರು ಮಗನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಮಗ ಅಪ್ಪನ ಫೋನಿನಿಂದ ಒಂದು ಮೊಬೈಲ್ ಆಟದಲ್ಲಿ ನಾಣ್ಯ ಕೊಂಡಿದ್ದ, ಎರಡು ಸಾವಿರದ ಚಿಲ್ಲರೆ ಹೋಗಿತ್ತು. ಆ ಆಟ ನನ್ನ ಅಂಗಡಿಯಲ್ಲಿ ಆಡಿದ್ದಲ್ಲ, ಆದರೂ ಚಟ ಹಚ್ಚಿದವನು ನಾನೇ ಎಂಬುದು ಅವರ ವಾದ. ಪೂರ್ತಿ ಸುಳ್ಳು ಎನ್ನುವ ಧೈರ್ಯ ನನಗಿರಲಿಲ್ಲ. ಈ ನಾಣ್ಯಗಳಿಂದ ಕೊಳ್ಳುವುದು ಮುಚ್ಚಿದ ಪೊಟ್ಟಣವನ್ನು. ಒಳಗೆ ಯಾವ ಆಟಗಾರನ ಕಾರ್ಡು ಇದೆ ಎಂಬುದು ಬಿಚ್ಚಿದ ಮೇಲೆ ಮಾತ್ರ ಗೊತ್ತು. ಫಿಫಾದಲ್ಲಿ ಅಲ್ಟಿಮೇಟ್ ಟೀಮ್ ಎಂಬ ಈ ಕಾರ್ಡಿನಾಟ 2009ರಿಂದ ಇದೆ. ಬೆಲ್ಜಿಯಂ 2018ರಲ್ಲಿ ಇಂಥ ಪೊಟ್ಟಣಗಳನ್ನು ಜೂಜು ಎಂದು ಕರೆಯಿತು, 2019ರ ಆರಂಭದಲ್ಲಿ ಇಎ ಆ ದೇಶದಲ್ಲಿ ಪೊಟ್ಟಣ ಕೊಳ್ಳುವ ಪಾಯಿಂಟುಗಳ ಮಾರಾಟ ನಿಲ್ಲಿಸಿತು. ನಾನು ಗೋಡೆಯ ಮೇಲೆ ಎರಡು ಸಾಲು ಬರೆಸಿದೆ: ಬಾಜಿ ಕಟ್ಟಿದವನು ಮತ್ತೆ ಒಳಗೆ ಬರುವಂತಿಲ್ಲ, ಶಾಲೆಯ ಸಮವಸ್ತ್ರದಲ್ಲಿ ಬಂದವನು ಆಡುವಂತಿಲ್ಲ. ಆದಾಯ ಮೂರನೆಯ ಒಂದು ಪಾಲು ಇಳಿಯಿತು. ಕೋಣೆ ಮುಚ್ಚಿಬಿಡೋಣ ಎಂದುಕೊಂಡಿದ್ದೆ.

ಆ ಹೊತ್ತಿಗೆ ಹೈದರಾಬಾದ್ ಎಫ್‌ಸಿ ಬಂತು. ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗಿನ ಹನ್ನೊಂದೂ ಕ್ಲಬ್ಬುಗಳನ್ನು ಸೇರಿಸಿದ್ದರು. ಬಾರ್ಸಿಲೋನಾ, ಮ್ಯಾಂಚೆಸ್ಟರ್ ಸಿಟಿ ಎಂದು ಕಿತ್ತಾಡುತ್ತಿದ್ದವರಲ್ಲಿ ಯಾರೋ ಒಬ್ಬ ತಮಾಷೆಗೆ ಹೈದರಾಬಾದನ್ನು ಆರಿಸಿಕೊಂಡು ಆಡಿದ, ಸೋತ, ಹಟಕ್ಕೆ ಬಿದ್ದ. ವಾರದಲ್ಲಿ ಕೋಣೆಯ ಅರ್ಧ ಹುಡುಗರು ಹಳದಿ ಅಂಗಿಯವರಾದರು. ನೂರ ನಲವತ್ತು ಕಿಲೋಮೀಟರ್ ದೂರದ ಊರಿನ ತಂಡ, ಬಸ್ಸು ಹತ್ತಿದರೆ ಮೂರೂವರೆ ತಾಸು. ಅದನ್ನು ಅವರು ಪತ್ತೆ ಮಾಡಿದ್ದು ಇಂಗ್ಲೆಂಡ್, ಸ್ಪೇನ್ ಎಲ್ಲ ಸುತ್ತಿ ಬಂದ ಮೇಲೆ.

2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಆ ಲೀಗಿನ ಫೈನಲ್. ಎದುರಾಳಿ ಕೇರಳ ಬ್ಲಾಸ್ಟರ್ಸ್. ಅಂದು ಪ್ಲೇಸ್ಟೇಷನ್ ಬಂದ್ ಮಾಡಿ ಅದೇ ಟಿವಿಯಲ್ಲಿ ಪಂದ್ಯ ಹಾಕಿದೆ, ದುಡ್ಡು ಬೇಡ ಎಂದೆ. ನಾಲ್ಕು ಕುರ್ಚಿಯ ಕೋಣೆಯಲ್ಲಿ ಮೂವತ್ತು ಜನ. ಪೂರ್ಣಾವಧಿಯಲ್ಲಿ 1-1, ಹೆಚ್ಚುವರಿ ಸಮಯದಲ್ಲೂ ಅಷ್ಟೇ. ಪೆನಾಲ್ಟಿ ಶೂಟೌಟಿನಲ್ಲಿ ಹೈದರಾಬಾದಿನ ಗೋಲ್‌ಕೀಪರ್ ಮೂರು ಹೊಡೆತ ತಡೆದ. ಅವನ ಹೆಸರು ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದ ಆಟಗಾರ, ಅಡ್ಡಹೆಸರು ಮಾತ್ರ ಅಪ್ಪಟ ನಮ್ಮ ಕಡೆಯದು. "ಕಟ್ಟಿಮನಿ ನಮ್ಮವನೇ ಇರಬೇಕು, ಹುಮನಾಬಾದಿನಲ್ಲಿ ಎಷ್ಟು ಜನ ಕಟ್ಟಿಮನಿಗಳಿಲ್ಲ!" ಎಂದು ಬಾಗಿಲಲ್ಲಿ ನಿಂತಿದ್ದ ಹೋಟೆಲಿನವರು ಕೂಗಿದರು. ಚಾಚಾ ಬೆಂಚಿನಿಂದ ಎದ್ದು ಒಳಗೆ ಬಂದು ನಿಂತೇ ನೋಡಿದರು. 3-1ಕ್ಕೆ ಹೈದರಾಬಾದ್ ಗೆದ್ದಾಗ ಅವರ ಕಣ್ಣು ಒದ್ದೆಯಾಗಿತ್ತು, ಆದರೆ ಮಿರ್ಚಿಯ ಖಾರ ಎಂದರು.

ಗದ್ದಲ ತಣ್ಣಗಾದ ಮೇಲೆ ಒಬ್ಬ ಹುಡುಗ ಪ್ಲೇಸ್ಟೇಷನ್ ಹಚ್ಚಿ ಕಟ್ಟಿಮನಿಯನ್ನು ಹುಡುಕಿದ. ಆಟದಲ್ಲಿ ಅವನಿಗೆ ಕೊಟ್ಟ ಅಂಕಿ ಯುರೋಪಿನವರ ಪಕ್ಕದಲ್ಲಿ ತೀರ ಬಡಕಲಾಗಿತ್ತು. ಅಲ್ಲಿಂದ ಶುರುವಾಯಿತು ನೋಡಿ ಜಗಳ. ಮೂರು ಪೆನಾಲ್ಟಿ ತಡೆದವನಿಗೆ ಇಷ್ಟೇ ಏನು, ಯಾರು ಕೊಟ್ಟರು, ಅವರು ಇವನ ಆಟ ನೋಡಿದ್ದಾರಾ, ನಾನಾಗಿದ್ದರೆ 80 ಕೊಡುತ್ತಿದ್ದೆ, 80 ಹೆಚ್ಚಾಯಿತು. ಪಂದ್ಯ ಎರಡೂವರೆ ಗಂಟೆ, ಅಂಕಿಯ ಜಗಳ ಮುಂದಿನ ನಾಲ್ಕು ದಿನ. ಪಂದ್ಯ ನೋಡದವರೂ ಅದರಲ್ಲಿ ಬಾಯಿ ಹಾಕಿದರು. ಆಟದ ಕಂಪನಿ ನಿಜವಾಗಿ ಮಾರುತ್ತಿರುವುದು ಏನನ್ನು ಎಂಬುದು ನನಗೆ ಆ ನಾಲ್ಕು ದಿನದಲ್ಲಿ ಅರ್ಥವಾಯಿತು. ಮನುಷ್ಯನ ಆಟವನ್ನು ಅಂಕಿಗೆ ಇಳಿಸಿ ಮುಂದಿಟ್ಟರೆ ಪ್ರತಿಯೊಬ್ಬನೂ ಅದನ್ನು ತಿದ್ದಲು ಕೈ ಚಾಚುತ್ತಾನೆ. ತಿದ್ದಲು ಹೋದವನು ಆ ತಂಡದವನಾಗುತ್ತಾನೆ. ಹಾಗಿದ್ದ ಮೇಲೆ ಇದಕ್ಕೆ ಪ್ಲೇಸ್ಟೇಷನ್ ಯಾಕೆ ಬೇಕು? ನಮ್ಮೂರಿನ ಮೈದಾನದಲ್ಲಿ ಆಡುವವರಿಗೇ ಕಾರ್ಡು ಮಾಡಿದರೆ?

ಮಳೆಗಾಲ ಮುಗಿದ ಮೇಲೆ ಓಣಿ ತಂಡಗಳ ಪಂದ್ಯಾವಳಿ ಇಲ್ಲಿ ಹೇಗೋ ನಡೆಯುತ್ತಿತ್ತು. ನೋಡಲು ಬರುತ್ತಿದ್ದವರು ಆಡುವವರ ಚಪ್ಪಲಿ ಕಾಯುವ ತಮ್ಮಂದಿರು ಮಾತ್ರ. 2022ರಲ್ಲಿ ಎಂಟು ತಂಡ, ತಂಡಕ್ಕೆ ಹದಿನೈದು ಜನ, ಒಟ್ಟು 120 ಕಾರ್ಡು ಮಾಡುವುದೆಂದು ನಿಶ್ಚಯಿಸಿದೆ. ಆಟದ ಕಾರ್ಡಿನಲ್ಲಿರುವ ಆರು ಅಂಕಿಗಳಿಗೆ ಚಾಚಾ ಕನ್ನಡದ ಹೆಸರು ಕೊಟ್ಟರು: ವೇಗ, ಹೊಡೆತ, ಪಾಸು, ಹಿಡಿತ, ತಡೆ, ಕಸುವು. ವೇಗಕ್ಕೆ 30 ಮೀಟರ್ ಹಗ್ಗ ಎಳೆದು, ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ ಸ್ಟಾಪ್‌ವಾಚ್ ಹಿಡಿದೆವು. 4.0 ಸೆಕೆಂಡಿಗೆ 90 ಅಂಕ, ಅಲ್ಲಿಂದ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಮೂರು ಅಂಕ ಕಡಿತ. ಪಾಸಿಗೆ ಎರಡು ಕೋನುಗಳ ನಡುವೆ ಇಪ್ಪತ್ತು ಚೆಂಡು. ತಡೆ ಮತ್ತು ಕಸುವನ್ನು ಅಳೆಯುವ ಯಂತ್ರವಿಲ್ಲ, ಅದು ಚಾಚಾನ ಕಣ್ಣು. ಇಎ ಕಂಪನಿಗೂ ಜಗತ್ತಿನಾದ್ಯಂತ ಪಂದ್ಯ ನೋಡಿ ಅಂಕಿ ಸೂಚಿಸುವ ಸ್ವಯಂಸೇವಕರು ಸಾವಿರಗಟ್ಟಲೆ ಇದ್ದಾರೆ ಎಂದಾಗ ಚಾಚಾ, "ಹಾಗಾದರೆ ನಾನೊಬ್ಬನೇ ಸಾವಿರ ಜನರ ಕೆಲಸ ಮಾಡುತ್ತಿದ್ದೇನೆ, ಚಹ ತರಿಸು" ಎಂದರು.

ಐಡಿ ಕಾರ್ಡು ಮಾಡುವವನ ಹತ್ತಿರ ಒಂದಕ್ಕೆ ಏಳು ರೂಪಾಯಿಯಂತೆ ಮುದ್ರಿಸಿದೆ. ಎಟಿಎಂ ಕಾರ್ಡಿನ ಅಳತೆ. ಬೀದರಿನವರಿಗೆ ಬೇರೆ ಬಣ್ಣ ಹೊಳೆಯುವುದು ಕಷ್ಟ, ಹಾಗಾಗಿ ಬಿದ್ರಿ ಕೆಲಸದ ಹಾಗೆ ಕಪ್ಪು ನೆಲ, ಬೆಳ್ಳಿ ಬಳ್ಳಿಯ ಅಂಚು. ಮಧ್ಯದಲ್ಲಿ ಹುಡುಗನ ಚಿತ್ರ, ಕೆಳಗೆ ಆರು ಅಂಕಿ. ಬೆನ್ನಿಗೆ ನನ್ನ ಅಂಗಡಿಯ ಹೆಸರು, ಓಣಿಯ ಹೆಸರು, ಎಡಗಾಲೋ ಬಲಗಾಲೋ. ಒಟ್ಟು ಖರ್ಚು 840 ರೂಪಾಯಿ. ನಾನು ಕೊಡಿಸಿದ ಅತಿ ಅಗ್ಗದ ಜಾಹೀರಾತು ಅದು. ಹಿಂದಿನ ವರ್ಷ ಒಂದೇ ಫ್ಲೆಕ್ಸಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ, ಮೊದಲ ಗಾಳಿಗೇ ಹರಿದಿತ್ತು.

ಕಾರ್ಡು ಹಂಚಿದ ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆಯೇ ಮೈದಾನದ ಅಂಚಿನಲ್ಲಿ ಓಡಿ ಆಡುವ ಮೈಲೂರು ಕಡೆಯ ಹುಡುಗನೊಬ್ಬ ಮೆಟ್ಟಿಲ ಮೇಲೆ ಕುಳಿತಿದ್ದ.

"ಕಾಕಾ, ನನ್ನ ವೇಗ ಬರೀ 60 ಏನು?"

"ಐದು ಸೆಕೆಂಡು ತೆಗೆದುಕೊಂಡೆಯಪ್ಪ. ಗಡಿಯಾರಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ."

"ಚಪ್ಪಲಿ ಹಾಕಿಕೊಂಡು ಓಡಿದ್ದೆ, ನೀವು ನೋಡಿದ್ದೀರಿ. ಅದರಲ್ಲೂ ಉಂಗುಷ್ಟ ಹರಿದಿತ್ತು."

ನಿಜ. ಗಾಜಿನ ಪೆಟ್ಟಿಗೆಯಿಂದ ಏಳನೇ ನಂಬರಿನ ಸ್ಟಡ್ ಬೂಟು ತೆಗೆದು, "ಹಾಕಿಕೋ, ನಡಿ ಮೈದಾನಕ್ಕೆ" ಎಂದೆ. ಚಾಚಾನನ್ನು ಮನೆಯಿಂದ ಎಬ್ಬಿಸಿ ಕರೆತಂದೆವು. ಹುಡುಗ 4.6 ಸೆಕೆಂಡಿಗೆ ಓಡಿದ. 72. ಅದೇ ಕಾಲಲ್ಲಿ ಅಂಗಡಿಗೆ ಬಂದು ಬೂಟು ಬಿಚ್ಚದೆ ಅರ್ಧ ದುಡ್ಡು ಕೊಟ್ಟು, ಉಳಿದದ್ದು ಪಗಾರದ ದಿನ ಎಂದ. ಆ ಸುದ್ದಿ ಹಬ್ಬಿದ ಮೇಲೆ ಆ ತಿಂಗಳು ಹದಿನೇಳು ಜೋಡಿ ಸ್ಟಡ್ ಹೋದವು. ಅದಕ್ಕೂ ಹಿಂದಿನ ಇಡೀ ವರ್ಷದಲ್ಲಿ ಮಾರಿದ್ದು ಒಂಬತ್ತು.

ಹುಡುಗರು ತಮ್ಮ ಕಾರ್ಡನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದರು. ಅಕ್ಕ, ಅತ್ತೆ, ಟ್ಯೂಷನ್ ಮೇಷ್ಟ್ರು ಎಲ್ಲರೂ ನೋಡಿದರು. ಆಟದಲ್ಲಿ ವಾರಕ್ಕೊಮ್ಮೆ ಆ ವಾರದ ಶ್ರೇಷ್ಠರಿಗೆ ವಿಶೇಷ ಕಾರ್ಡು ಕೊಡುವ ಪದ್ಧತಿ ಇದೆಯಲ್ಲ, ಅದನ್ನೂ ಕದ್ದೆ. ಭಾನುವಾರ ರಾತ್ರಿ ‘ವಾರದ ಹನ್ನೊಂದು’, ಅವರಿಗೆ ಬೆಳ್ಳಿಯ ಬದಲು ಚಿನ್ನದ ಅಂಚು. ಮೂರನೆಯ ಭಾನುವಾರದ ಹೊತ್ತಿಗೆ ಪಂದ್ಯಕ್ಕೆ ಕುಟುಂಬಗಳು ಬರತೊಡಗಿದವು. ಒಬ್ಬ ತಾಯಿ ಬುತ್ತಿ ಕಟ್ಟಿಕೊಂಡು ಬಂದು, ಮಗ ಪಾಸು ತಪ್ಪಿದಾಗಲೆಲ್ಲ "68 ಕೊಟ್ಟದ್ದು ಸರಿಯಾಗಿಯೇ ಇದೆ" ಎನ್ನುತ್ತಿದ್ದರು. ಮಂಡಕ್ಕಿ ಗಾಡಿಯವನು ತಾನಾಗಿಯೇ ಬಂದು ನಿಂತ. ಚಹದ ಅಂಗಡಿಯವರು ಮುಂದಿನ ವರ್ಷದ ಕಾರ್ಡಿನ ಬೆನ್ನಿಗೆ ನಮ್ಮ ಹೆಸರೂ ಇರಲಿ ಎಂದು ಐನೂರು ಕೊಟ್ಟರು.

ಇಲ್ಲಿಯವರೆಗೆ ಹೇಳಿದ್ದು ಚೆನ್ನಾಗಿ ಕೇಳಿಸುತ್ತದೆ. ಇನ್ನು ನನ್ನ ದುರಾಸೆಯ ಕಥೆ. ಚಿಕ್ಕ ಮಕ್ಕಳು ಕಾರ್ಡು ಬೇಕು ಎಂದು ಕಾಡತೊಡಗಿದಾಗ ತೆಳು ಕಾಗದದಲ್ಲಿ ಅವನ್ನೇ ಮತ್ತೆ ಮುದ್ರಿಸಿ, ಐದು ಕಾರ್ಡಿನ ಮುಚ್ಚಿದ ಪೊಟ್ಟಣ ಮಾಡಿ ಹತ್ತು ರೂಪಾಯಿಗೆ ಮಾರಿದೆ. ಶಹಾಗಂಜಿನ ತಂಡದಲ್ಲಿ ಮುಂಬದಿಗೆ ಆಡುವವನೊಬ್ಬನ ಅಂಕಿ 88, ಊರಿಗೇ ದೊಡ್ಡದು. ಅವನ ಕಾರ್ಡನ್ನು ಬೇಕೆಂದೇ ಕಡಿಮೆ ಪೊಟ್ಟಣಗಳಲ್ಲಿ ಹಾಕಿದೆ. ಎರಡು ವಾರ ಹಬ್ಬದ ವ್ಯಾಪಾರ. ಆಮೇಲೆ ಐದನೆಯ ತರಗತಿಯ ಹುಡುಗನೊಬ್ಬ ಒಂದೇ ಸಂಜೆ ಇನ್ನೂರು ರೂಪಾಯಿಯ ಪೊಟ್ಟಣ ಬಿಚ್ಚಿ, 88 ಸಿಗದೆ, ಮೆಟ್ಟಿಲ ಮೇಲೆ ಕಾರ್ಡುಗಳನ್ನು ಚೆಲ್ಲಿಕೊಂಡು ಅಳುತ್ತ ಕುಳಿತ. ಅಮ್ಮನ ಪರ್ಸಿನ ದುಡ್ಡು. ಅವನ ಸುತ್ತ ಬಿದ್ದಿದ್ದದ್ದು ನಮ್ಮೂರಿನ ಹುಡುಗರ ಮುಖಗಳೇ, ಯಾರಿಗೂ ಬೇಡವಾದ ಮುಖಗಳು. ಗಾಂಧಿಗಂಜಿನ ಆ ಹಮಾಲರ ಮುಂದೆ ಕಂಪನಿಗಳನ್ನು ಬೈದಿದ್ದವನು ನಾನೇ. ಇನ್ನೂರು ರೂಪಾಯಿ ವಾಪಸ್ಸು ಕೊಟ್ಟೆ, 88ರ ಕಾರ್ಡನ್ನೂ ಕೊಟ್ಟೆ. ಮರುದಿನದಿಂದ ಪೊಟ್ಟಣ ನಿಲ್ಲಿಸಿ, ಕಾರ್ಡುಗಳನ್ನು ಗಾಜಿನ ಕೆಳಗೆ ಹರಡಿ, ಬೇಕಾದ್ದನ್ನು ತೋರಿಸಿ ಮೂರು ರೂಪಾಯಿಗೆ ಕೊಂಡೊಯ್ಯಿರಿ ಎಂದೆ. ಮಾರಾಟ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮುಚ್ಚಿದ ಪೊಟ್ಟಣ ಎಷ್ಟು ಬಲವಾದದ್ದು ಎಂಬುದನ್ನು ಆ ಇಳಿತವೇ ಹೇಳಿತು.

ಇನ್ನೊಂದು ತಪ್ಪು ಸರಿಪಡಿಸಲು ಆಗಲಿಲ್ಲ. ನೌಬಾದ್ ಕಡೆಯ ತಂಡದಲ್ಲಿ ಹಿಂಬದಿಗೆ ಆಡುವ ಒಬ್ಬರಿಗೆ ಮೂವತ್ತೆಂಟು ವರ್ಷ. ಕೋಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ವೇಗಕ್ಕೆ 42 ಬಂತು, ಹಾಗೆಯೇ ಮುದ್ರಿಸಿದೆ. ಅವರ ಮಗನ ತರಗತಿಯವರು ಕಾರ್ಡಿನ ಚಿತ್ರ ಹಂಚಿಕೊಂಡು ನಕ್ಕರು. ಅವರು ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಯುರೋಪಿನ ಆಟಗಾರರೂ ತಮ್ಮ ಅಂಕಿ ಕಡಿಮೆಯಾಯಿತೆಂದು ಪ್ರತಿವರ್ಷ ಗೊಣಗುತ್ತಾರೆ, ಅವರ ಕ್ಲಬ್ಬುಗಳು ಆ ಗೊಣಗಾಟವನ್ನೇ ವಿಡಿಯೊ ಮಾಡಿ ಪ್ರಚಾರಕ್ಕೆ ಬಳಸುತ್ತವೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ಅಂಕಿ ಕೊಟ್ಟವನು ಯಾರೋ ದೂರದವನು, ಪಡೆದವನು ಕೋಟ್ಯಧೀಶ. ಇಲ್ಲಿ ಕೊಟ್ಟವನೂ ಪಡೆದವನೂ ಒಂದೇ ಕಿರಾಣಿ ಅಂಗಡಿಯಲ್ಲಿ ಎದುರಾಗುತ್ತೇವೆ. ಈಗ ನಮ್ಮ ಕಾರ್ಡಿನಲ್ಲಿ 50ಕ್ಕಿಂತ ಕೆಳಗೆ ಅಂಕಿಯಿಲ್ಲ. ಹದಿನಾಲ್ಕು ವರ್ಷದೊಳಗಿನವರಿಗೆ ಚಿತ್ರ ಮತ್ತು ಹೆಸರು ಮಾತ್ರ, ಅಂಕಿಯೇ ಇಲ್ಲ.

ಹುಡುಗಿಯರ ಕಾರ್ಡು ನನ್ನ ತಲೆಗೆ ಹೊಳೆದದ್ದಲ್ಲ. ಡಿಪ್ಲೊಮಾ ಓದುವ ಒಬ್ಬಳು ಅಣ್ಣನಿಗೆ ಬೂಟು ಕೊಡಿಸಲು ಬಂದವಳು ಗಾಜಿನ ಕೆಳಗೆ ನೋಡಿ, "ಫಿಫಾ 16ರಲ್ಲೇ ಹೆಂಗಸರ ಹನ್ನೆರಡು ತಂಡ ಬಂದವು. ನೀವು ಇನ್ನೂ ಯಾವ ವರ್ಷದಲ್ಲಿದ್ದೀರಿ ಅಂಕಲ್?" ಎಂದಳು. ಅದು 2015ರ ಆಟ. ಈಗ ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಹುಡುಗಿಯರು ಮೈದಾನದ ಒಂದು ಬದಿಯಲ್ಲಿ ಆಡುತ್ತಾರೆ. ಅವರಲ್ಲಿ ಇಬ್ಬರ ಪಾಸಿನ ಅಂಕಿ ಹುಡುಗರ ಯಾವ ತಂಡಕ್ಕೂ ಹೊಟ್ಟೆ ಉರಿಸುವಷ್ಟಿದೆ.

ಪ್ಲೇಸ್ಟೇಷನ್ ಕೋಣೆ ಇನ್ನೂ ಇದೆ, ಆದರೆ ಬಾಡಿಗೆಗೆ ಅಲ್ಲ. ಪಂದ್ಯಾವಳಿಗೆ ಮುಂಚಿನ ಶನಿವಾರ ಅಲ್ಲಿ ಓಣಿಗಳ ನಡುವೆ ಗೇಮ್ ಪಂದ್ಯ ನಡೆಯುತ್ತದೆ. ಗೆದ್ದ ಓಣಿಗೆ ಮೈದಾನದ ಮೊದಲ ಪಂದ್ಯದಲ್ಲಿ ಯಾವ ಬದಿ ಬೇಕೋ ಆರಿಸಿಕೊಳ್ಳುವ ಹಕ್ಕು, ಬಹುಮಾನಕ್ಕೆ ಒಂದು ಚೆಂಡು. ಮೊದಲು ಐವತ್ತು ರೂಪಾಯಿ ಪ್ರವೇಶ ಶುಲ್ಕ ಇಟ್ಟು ಗೆದ್ದವನಿಗೆ ನಗದು ಕೊಡುತ್ತಿದ್ದೆ. 2025ರ ಆಗಸ್ಟಿನಲ್ಲಿ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯೇ ಎಂದು ಗುರುತಿಸುವ ಕೇಂದ್ರದ ಕಾಯ್ದೆ ಬಂತು. ನಾಲ್ಕು ಕುರ್ಚಿಯ ಕೋಣೆ ಅದರ ಯಾವ ಕಲಮಿನೊಳಗೆ ಬರುತ್ತದೆ ಎಂದು ವಕೀಲರ ಮನೆಗೆ ಅಲೆಯುವ ವಯಸ್ಸು ನನ್ನದಲ್ಲ, ನಗದನ್ನೇ ಕೈಬಿಟ್ಟೆ. ಬಾಜಿಯ ವಾಸನೆ ಹಿಡಿದು ಬರುತ್ತಿದ್ದ ಕೆಲವರು ಅಲ್ಲಿಗೆ ನಿಂತರು, ಅದೂ ಲಾಭವೇ. ಯುರೋಪಿನ ಕ್ಲಬ್ಬುಗಳ ನಕಲಿ ಜೆರ್ಸಿ ಮಾರುವುದನ್ನೂ ಕಡಿಮೆ ಮಾಡಿದ್ದೇನೆ. ಪುಣ್ಯಕ್ಕಲ್ಲ. ಓಣಿ ತಂಡದ ಅಂಗಿಯನ್ನು ತಿರುಪ್ಪೂರಿನ ಬಟ್ಟೆಯಲ್ಲಿ ಹೊಲಿಸಿ ಹೆಸರು, ನಂಬರು ಒತ್ತಿದರೆ ಒಂದಕ್ಕೆ ಅರವತ್ತು ರೂಪಾಯಿ ಹೆಚ್ಚು ಉಳಿಯುತ್ತದೆ. ಹೈದರಾಬಾದ್ ಎಫ್‌ಸಿಯ ಹನ್ನೊಂದು ಹಳದಿ ಅಂಗಿ ಕಪಾಟಿನಲ್ಲೇ ಉಳಿದಿದ್ದವು. ಆ ಕ್ಲಬ್ಬು 2025ರಲ್ಲಿ ದೆಹಲಿಗೆ ಹೋಗಿ ಬೇರೆ ಹೆಸರಿಟ್ಟುಕೊಂಡಿತು. ಪಿಯೆಮೊಂಟೆ ಹುಡುಗ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಸಲ ರಜೆಗೆ ಬಂದಾಗ ಅವುಗಳಲ್ಲಿ ಒಂದನ್ನು ಪೂರ್ತಿ ಬೆಲೆಗೆ ಕೊಂಡ. ಇಲ್ಲದ ಕ್ಲಬ್ಬುಗಳ ಮೇಲೆ ಅವನಿಗೆ ಮೊದಲಿನಿಂದಲೂ ಪ್ರೀತಿ.

ಗಲ್ಲಾಪೆಟ್ಟಿಗೆಯ ಮೇಲಿನ ಗಾಜಿಗೆ ಅಂಟಿಸಿದ ಒಂದು ಕಾರ್ಡು ಮಾತ್ರ ಮಾರಾಟಕ್ಕಿಲ್ಲ. 2023ರ ಫೆಬ್ರುವರಿಯಲ್ಲಿ ತುಳಸೀದಾಸ್ ಬಲರಾಂ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಚಾಚಾ ಮಾಡಿಸಿದ್ದು. ಸಿಕಂದರಾಬಾದಿನ ಹುಡುಗ, ರಹೀಮ್ ಸಾಹೇಬರ ಕೈಯಲ್ಲಿ ಬೆಳೆದವರು, 1956ರ ಒಲಿಂಪಿಕ್ಸ್ ಆಡಿದವರು, 1962ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದವರು. ಚಾಚಾ ಒಂದೊಂದೇ ಅಂಕಿ ಹೇಳುತ್ತ ಬರೆಸಿದರು. ಹಿಡಿತಕ್ಕೆ 97 ಎಂದಾಗ ಬೆಂಚಿನ ಸುತ್ತಲಿದ್ದ ಹುಡುಗರು ಸುಮ್ಮನಿರಲಿಲ್ಲ.

"ಚಾಚಾ, ನೀವು ಅವರ ಆಟ ನೋಡಿದ್ದೀರಾ?"

"ನೋಡಿಲ್ಲ. ಅಬ್ಬಾ ನೋಡಿದ್ದರು, ರಾತ್ರಿ ಊಟಕ್ಕೆ ಕುಳಿತಾಗ ಹೇಳುತ್ತಿದ್ದರು."

"ನೋಡದೆ 97 ಹೇಗೆ ಕೊಡುತ್ತೀರಿ?"

"ನೀವು ರೊನಾಲ್ಡೊನನ್ನು ಎಲ್ಲಿ ನೋಡಿದ್ದೀರಿ? ನಮ್ಮೂರ ಗುಂಪಾ ಬಡಾವಣೆಯಲ್ಲಾ?"

ವೇಗದ ಜಾಗವನ್ನು ಖಾಲಿ ಬಿಡಿಸಿದರು. ಗಡಿಯಾರ ಹಿಡಿಯದೆ ವೇಗ ಬರೆಯುವುದು ಬೇಡ ಎಂದರು. ಆ ಜಾಗದಲ್ಲಿ ಯಾರೋ ಬಾಲ್‌ಪೆನ್ನಿನಿಂದ 91 ಎಂದು ಗೀಚಿದ್ದಾರೆ. ಯಾರೆಂದು ಕೇಳಿದರೆ ಒಬ್ಬನೂ ಒಪ್ಪುವುದಿಲ್ಲ. ಚಾಚಾ ಕನ್ನಡಕ ಏರಿಸಿ ಅದನ್ನು ನೋಡಿದರು, ಅಳಿಸು ಎನ್ನಲಿಲ್ಲ.